ಕಟಕಟೆಯಲ್ಲಿಲ್ಲದ ಮೊದಲನೆಯವನು

ಕೋತಗಿರಿಯಿಂದ ಮೂಡಣಕ್ಕೆ ಹೊರಟ ರಸ್ತೆ ಚಹಾ ತೋಟಗಳ ನಡುವೆ ಸುತ್ತಿ ಬಳಸಿ ಕೊಡನಾಡಿನಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಪ್ರಪಾತ, ಕೆಳಗೆ ಮೋಯಾರ್ ಕಣಿವೆ. ಊಟಿಗೆ ಹೋದ ಕನ್ನಡಿಗರಲ್ಲಿ ಅನೇಕರು ಆ ನೋಟ ನೋಡಿಕೊಂಡು ಬಂದಿದ್ದಾರೆ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜೆ. ಜಯಲಲಿತಾ ಬಂದು ತಂಗುತ್ತಿದ್ದ, ಸುಮಾರು 900 ಎಕರೆಯ ಎಸ್ಟೇಟ್ ಇರುವುದೂ ಅದೇ ಊರಿನಲ್ಲಿ. ಅವರು ತೀರಿಕೊಂಡದ್ದು 2016ರ ಡಿಸೆಂಬರ್ 5ರಂದು. ಐದು ತಿಂಗಳು ತುಂಬುವ ಮೊದಲೇ, 2017ರ ಏಪ್ರಿಲ್ 24ರ ನಸುಕಿನಲ್ಲಿ, ಒಂದು ಗುಂಪು ಆ ಎಸ್ಟೇಟಿಗೆ ನುಗ್ಗಿತು. ಗೇಟು ಕಾಯುತ್ತಿದ್ದ ನೇಪಾಳಿ ಕಾವಲುಗಾರನ ಕೊಲೆಯಾಯಿತು, ಇನ್ನೊಬ್ಬ ಕಾವಲುಗಾರ ಗಾಯಗೊಂಡ. ಪೊಲೀಸರ ಪ್ರಕಾರ ಗುಂಪಿನಲ್ಲಿದ್ದವರು ಹನ್ನೊಂದು ಮಂದಿ. ಅದನ್ನು ಕಟ್ಟಿದವನು ಹಿಂದೆ ಜಯಲಲಿತಾ ಅವರ ಬಳಿ ಚಾಲಕನಾಗಿದ್ದವನು. ಆತ ಏಪ್ರಿಲ್ 28ರಂದು ಸೇಲಂ ಜಿಲ್ಲೆಯ ಆತ್ತೂರಿನಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕಿ ಸತ್ತ. ಅದರ ಬೆನ್ನಲ್ಲೇ ಎರಡನೆಯ ಆರೋಪಿಯ ಕಾರು ಪಾಲಕ್ಕಾಡ್ ಜಿಲ್ಲೆಯಲ್ಲಿ ಅಪಘಾತಕ್ಕೀಡಾಗಿ ಅವನ ಹೆಂಡತಿ, ಮಗಳು ತೀರಿಕೊಂಡರು, ಅವನು ಉಳಿದ. ಊಟಿಯ ಸೆಷನ್ಸ್ ಕೋರ್ಟಿನ ಕಟಕಟೆಗೆ ಬಂದವರು ಹತ್ತು ಮಂದಿ. ಪೊಲೀಸರ ಕಥೆಯಲ್ಲಿ ಎಲ್ಲವನ್ನೂ ಶುರು ಮಾಡಿದ ಮೊದಲನೆಯವನ ಜಾಗ ಖಾಲಿ.

ಆ ಹತ್ತು ಮಂದಿಯಲ್ಲಿ ಯಾರು ತಪ್ಪಿತಸ್ಥರು, ಯಾರು ಅಲ್ಲ ಎಂದು ಹೇಳುವುದು ಈ ಲೇಖನದ ಕೆಲಸವಲ್ಲ, ಅದು ಕೋರ್ಟಿನ ಕೆಲಸ. ಇಲ್ಲಿ ಕೇಳಬೇಕಾದದ್ದು ಆ ಖಾಲಿ ಜಾಗ ಎತ್ತುವ ಪ್ರಶ್ನೆಯನ್ನು. ಆರೋಪಪಟ್ಟಿಯ ಹೊರಗೆ ಉಳಿದವನು ಸತ್ತಿರಬಹುದು, ತಲೆಮರೆಸಿಕೊಂಡಿರಬಹುದು, ಸರ್ಕಾರವೇ ಮಾಫಿ ಕೊಟ್ಟು ಸಾಕ್ಷಿಯಾಗಿ ಮಾಡಿಕೊಂಡಿರಬಹುದು. ಅವನ ಕೈ ಮಾಡಿದ ಕೆಲಸಕ್ಕೆ ಕಟಕಟೆಯಲ್ಲಿ ನಿಂತವನು ತಲೆ ಕೊಡಬೇಕೆ? ಕೊಡಬೇಕು ಎನ್ನುತ್ತದೆ ಕಾನೂನು, ನೂರೈವತ್ತು ವರ್ಷಕ್ಕೂ ಹಿಂದಿನಿಂದ. ಅದು ಸರಿ ಎಂದೇ ನನ್ನ ವಾದ. ಆದರೆ ಆ ಮಾತಿಗೆ ಒಂದು ಷರತ್ತಿದೆ. ಇಲ್ಲದವನ ಕೃತ್ಯವನ್ನು ಇರುವವನ ಮೇಲೆ ಹೊರಿಸುವ ಹಕ್ಕು ಹುಟ್ಟುವುದು ಇರುವವನ ಸ್ವಂತ ಮನಸ್ಸಿನಿಂದ, ಸ್ವಂತ ನಡತೆಯಿಂದ. ಇಲ್ಲದವನ ಕೆಟ್ಟ ಹೆಸರಿನಿಂದ ಅದು ಹುಟ್ಟುವುದಿಲ್ಲ. ಈ ಷರತ್ತು ಸಡಿಲವಾದ ಕಡೆಯೆಲ್ಲ ಅಮಾಯಕನಿಗೆ ಶಿಕ್ಷೆಯಾಗುವ ಅಪಾಯವಿದೆ. ಅದನ್ನು ಪೂರೈಸುವ ಶ್ರಮಕ್ಕೆ ತನಿಖೆ ಒಗ್ಗದ ಕಡೆಯೆಲ್ಲ ತಪ್ಪಿತಸ್ಥ ಮನೆಗೆ ಹೋಗುತ್ತಾನೆ.

1860ರ ಭಾರತೀಯ ದಂಡ ಸಂಹಿತೆಯ 34ನೇ ಕಲಮು ನಾಲ್ಕು ಸಾಲಿನದು. ಹಲವರು ಸೇರಿ ಒಂದು ಅಪರಾಧ ಮಾಡಿದರೆ, ಅದನ್ನು ಒಬ್ಬನೇ ಮಾಡಿದ್ದರೆ ಹೇಗೋ ಹಾಗೆ ಪ್ರತಿಯೊಬ್ಬನೂ ಹೊಣೆ ಎಂಬುದು ಅದರ ಸಾರ. ಮೊದಲು ಅಷ್ಟೇ ಇತ್ತು. ‘ಎಲ್ಲರ ಸಮಾನ ಉದ್ದೇಶದ ಈಡೇರಿಕೆಗಾಗಿ’ ಎಂಬರ್ಥದ ಮಾತನ್ನು ಸೇರಿಸಿದ್ದು 1870ರ ತಿದ್ದುಪಡಿ. ಹೊಣೆ ಬರುವುದು ಜೊತೆಗಿದ್ದದ್ದಕ್ಕಲ್ಲ, ಮನಸ್ಸು ಕೂಡಿದ್ದಕ್ಕೆ ಎಂದು ಸ್ಪಷ್ಟಪಡಿಸಲು ಹತ್ತು ವರ್ಷ ಬೇಕಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೇ ನಿಯಮ 3ನೇ ಕಲಮಿನ 5ನೇ ಉಪಕಲಮಾಗಿ ಕೂತಿದೆ. ಕೊಡನಾಡಿನ ಘಟನೆ 2017ರದ್ದಾದ್ದರಿಂದ ಅದಕ್ಕೆ ಹಳೆಯ ಸಂಹಿತೆಯೇ ಅನ್ವಯ.

ಈ ಕಲಮಿನ ಅರ್ಥವನ್ನು ಗಟ್ಟಿ ಮಾಡಿದ ತೀರ್ಪು ಯಾವುದೆಂದು ಯಾವ ವಕೀಲರನ್ನು ಕೇಳಿದರೂ ಬರೇಂದ್ರ ಕುಮಾರ್ ಘೋಷ್ ಪ್ರಕರಣ ಎನ್ನುತ್ತಾರೆ. ಆ ಪ್ರಕರಣದಲ್ಲಿ ಕಟಕಟೆಯಲ್ಲಿದ್ದವನು ಒಬ್ಬನೇ ಎಂಬುದನ್ನು ಮಾತ್ರ ಅಷ್ಟಾಗಿ ಯಾರೂ ಎತ್ತಿ ಹೇಳುವುದಿಲ್ಲ. 1923ರ ಆಗಸ್ಟ್ 3ರ ಮಧ್ಯಾಹ್ನ ಕಲ್ಕತ್ತೆಯ ಶಂಖಾರಿಟೋಲಾ ಅಂಚೆ ಕಚೇರಿಯ ಹಿಂಬದಿಯ ಕೋಣೆಯಲ್ಲಿ ಪೋಸ್ಟ್‌ಮಾಸ್ಟರ್ ಮೇಜಿನ ಮುಂದೆ ಕೂತು ಹಣ ಎಣಿಸುತ್ತಿದ್ದರು. ಅಂಗಳದ ಕಡೆಯ ಬಾಗಿಲಲ್ಲಿ ಕೆಲವರು ಕಾಣಿಸಿಕೊಂಡರು. ಹಣ ಕೊಡು ಎಂದರು, ಹಾಗೆನ್ನುತ್ತಲೇ ಗುಂಡು ಹಾರಿಸಿದರು. ಎರಡು ಕಡೆ ಗುಂಡು ತಗುಲಿ ಪೋಸ್ಟ್‌ಮಾಸ್ಟರ್ ಅಲ್ಲೇ ಸತ್ತರು. ಬಂದವರು ಹಣ ಮುಟ್ಟದೆ ಓಡಿದರು. ಬೆನ್ನಟ್ಟಿದವರ ಕೈಗೆ ಸಿಕ್ಕವನು ಒಬ್ಬ, ಅವನ ಬಳಿ ಪಿಸ್ತೂಲಿತ್ತು. ಉಳಿದವರು ಸಿಗಲಿಲ್ಲ. ‘ನಾನು ಗುಂಡು ಹಾರಿಸಿಲ್ಲ, ಅಂಗಳದಲ್ಲಿ ನಿಂತಿದ್ದೆ, ಹೆದರಿಹೋಗಿದ್ದೆ’ ಎಂಬುದು ಅವನ ವಾದ. ಯಾರ ಗುಂಡಿನಿಂದ ಸಾವು ಬಂತೆಂಬುದು ಮುಖ್ಯವಲ್ಲ, ಬಾಗಿಲು ಕಾಯುತ್ತ ನಿಲ್ಲುವುದೂ ಕೃತ್ಯದ ಒಂದು ಭಾಗವೇ ಎಂದು ಆಗಿನ ಕೊನೆಯ ಮೇಲ್ಮನವಿ ಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಗುಂಡು ಹಾರಿಸಿದವರಲ್ಲಿ ಒಬ್ಬನೂ ಆರೋಪಿಯ ಸಾಲಿನಲ್ಲಿ ಇರಲಿಲ್ಲ. ಹಾಗಿದ್ದರೂ ಅವರು ಮಾಡಿದ್ದನ್ನು ಇವನ ಲೆಕ್ಕಕ್ಕೆ ಬರೆಯಲಾಯಿತು. ಬರೆದದ್ದು ಏಕೆ? ಅವನು ಬಂದದ್ದು, ಪಿಸ್ತೂಲು ಹಿಡಿದದ್ದು, ಕೊನೆಯವರೆಗೂ ಅವರ ಜೊತೆಗಿದ್ದು ಜೊತೆಗೇ ಓಡಿದ್ದು, ಇಷ್ಟೂ ಅವನದೇ ನಡತೆ. ಇಲ್ಲದವರ ಬಗ್ಗೆ ಕೋರ್ಟಿಗೆ ಬೇಕಾಗಿದ್ದದ್ದು ಒಂದೇ ಸಂಗತಿ: ಅವರು ಗುಂಡು ಹಾರಿಸಿದರು ಎಂಬುದು. ಅದನ್ನು ಕಂಡವರಿದ್ದರು.

ಇದೇ ಪ್ರಿವಿ ಕೌನ್ಸಿಲ್ ಇಪ್ಪತ್ತು ವರ್ಷದ ನಂತರ, 1945ರಲ್ಲಿ, ಮೆಹಬೂಬ್ ಷಾ ಎಂಬವನನ್ನು ಕೊಲೆಯ ಆರೋಪದಿಂದ ಬಿಡುಗಡೆ ಮಾಡಿತು. ಸಿಂಧೂ ನದಿಯ ದಡದಲ್ಲಿ ಜೊಂಡು ಕೊಯ್ದು ದೋಣಿಯಲ್ಲಿ ಮರಳುತ್ತಿದ್ದವರನ್ನು ಒಬ್ಬಾತ ತಡೆದ, ಕೈಕೈ ಮಿಲಾಯಿಸಿತು, ಅವನು ಕೂಗಿಕೊಂಡ. ಆ ಕೂಗು ಕೇಳಿ ಇಬ್ಬರು ಬಂದೂಕು ಹಿಡಿದು ಓಡಿ ಬಂದರು. ಒಬ್ಬನ ಗುಂಡಿಗೆ ದೋಣಿಯವನೊಬ್ಬ ಸತ್ತ. ಇನ್ನೊಬ್ಬ, ಅಂದರೆ ಮೆಹಬೂಬ್ ಷಾ, ಹಾರಿಸಿದ ಗುಂಡಿಗೆ ಬೇರೊಬ್ಬನಿಗೆ ಗಾಯವಾಯಿತು. ಕೊಂದವನು ಪರಾರಿಯಾದ, ಸಿಕ್ಕಿಬಿದ್ದವನಿಗೆ ಲಾಹೋರ್ ಹೈಕೋರ್ಟು ಕೊಲೆಯ ಶಿಕ್ಷೆಯನ್ನೇ ಖಾಯಂ ಮಾಡಿತ್ತು. ಇಬ್ಬರಿಗೂ ಒಂದೇ ಬಗೆಯ ಉದ್ದೇಶವಿದ್ದಿರಬಹುದು, ಆದರೆ ಇಬ್ಬರೂ ಕೂಡಿ ಹೊಂದಿದ ಒಂದು ಉದ್ದೇಶವಿತ್ತು ಎಂಬುದಕ್ಕೆ ಸಾಕ್ಷ್ಯವಿಲ್ಲ ಎಂದಿತು ಪ್ರಿವಿ ಕೌನ್ಸಿಲ್. ಎರಡೂ ಪ್ರಕರಣಗಳಲ್ಲಿ ಕೊಂದವನು ಕೋರ್ಟಿನ ಮುಂದಿಲ್ಲ, ಸಿಕ್ಕವನ ಕೈಯಲ್ಲಿ ಆಯುಧವಿದೆ. ಒಬ್ಬನಿಗೆ ಶಿಕ್ಷೆಯಾಯಿತು, ಇನ್ನೊಬ್ಬನಿಗೆ ಬಿಡುಗಡೆಯಾಯಿತು. ಅಂಚೆ ಕಚೇರಿಗೆ ಹೋದವರು ಮೊದಲೇ ಮಾತಾಡಿಕೊಂಡು ಹೋದವರು. ಹೊಳೆದಂಡೆಗೆ ಓಡಿದವರು ಕೂಗಿಗೆ ಓಗೊಟ್ಟು ಓಡಿದವರು. ಕಾನೂನು ಎಣಿಸಿದ್ದು ಈ ವ್ಯತ್ಯಾಸವನ್ನು ಮಾತ್ರ.

ಇದು ಹಳೆಯ ಪುಸ್ತಕದ ಮಾತಲ್ಲ ಎಂಬುದಕ್ಕೆ ಕೊಡನಾಡು ಎಸ್ಟೇಟಿನ ಹೆಸರೇ ನಮ್ಮನ್ನು ಬೆಂಗಳೂರಿಗೆ ಕರೆತರುತ್ತದೆ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದ ಆಸ್ತಿ ಪಟ್ಟಿಯಲ್ಲಿ ಆ ಎಸ್ಟೇಟೂ ಇತ್ತು. ಚೆನ್ನೈಯಲ್ಲಿ ನ್ಯಾಯಯುತ ವಿಚಾರಣೆ ಸಾಧ್ಯವಿಲ್ಲವೆಂದು ಡಿಎಂಕೆಯ ಕೆ. ಅನ್ಬಳಗನ್ ಸಲ್ಲಿಸಿದ್ದ ಅರ್ಜಿಯ ಮೇಲೆ 2003ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕರ್ನಾಟಕಕ್ಕೆ ವರ್ಗಾಯಿಸಿತು. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿ’ಕುನ್ಹಾ ಜಯಲಲಿತಾ ಸೇರಿ ನಾಲ್ವರಿಗೂ ಶಿಕ್ಷೆ ವಿಧಿಸಿದರು, 2015ರ ಮೇ 11ರಂದು ಹೈಕೋರ್ಟು ನಾಲ್ವರನ್ನೂ ಖುಲಾಸೆ ಮಾಡಿತು. ಕರ್ನಾಟಕ ಸರ್ಕಾರದ ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ತೀರ್ಪಿಗೆ ಕಾಯುತ್ತಿದ್ದಾಗ ಮೊದಲನೆಯ ಆರೋಪಿ ತೀರಿಕೊಂಡರು. ಮೃತರ ಮಟ್ಟಿಗೆ ಮೇಲ್ಮನವಿ ಅಲ್ಲಿಗೆ ಕೊನೆಗೊಂಡಿತು. ಉಳಿದ ಮೂವರಲ್ಲಿ ಯಾರೂ ಸರ್ಕಾರಿ ಹುದ್ದೆಯಲ್ಲಿದ್ದವರಲ್ಲ. ಆದಾಯ ಮೀರಿದ ಆಸ್ತಿ ಎಂಬ ಅಪರಾಧವನ್ನಾದರೋ ಮಾಡಬಲ್ಲವರು ಸರ್ಕಾರಿ ಹುದ್ದೆಯವರು ಮಾತ್ರ. ಅಂದರೆ ಆ ಅಪರಾಧದ ಯಜಮಾನಿಕೆ ಇದ್ದ ಒಬ್ಬರೇ ಕಟಕಟೆಯಿಂದ ಹೊರಟುಹೋಗಿದ್ದರು. ಇದಾದ ಮೇಲೂ ಉಳಿದವರನ್ನು ಶಿಕ್ಷಿಸಬಹುದೆ?

2017ರ ಫೆಬ್ರುವರಿ 14ರಂದು ನ್ಯಾಯಮೂರ್ತಿಗಳಾದ ಪಿನಾಕಿ ಚಂದ್ರ ಘೋಷ್ ಮತ್ತು ಅಮಿತಾವ ರಾಯ್ ಶಿಕ್ಷಿಸಬಹುದು ಎಂದರು. ಖಾಸಗಿ ವ್ಯಕ್ತಿಗಳೂ ಈ ಅಪರಾಧಕ್ಕೆ ಕುಮ್ಮಕ್ಕು ಕೊಡಬಲ್ಲರು ಎಂದು 1999ರ ನಲ್ಲಮ್ಮಾಳ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. ಈಗ ಕೋರ್ಟು ಮಾಡಿದ್ದೇನೆಂದರೆ, ಮೃತರ ಆದಾಯ, ಖರ್ಚು, ಆಸ್ತಿಗಳನ್ನು ಅವರು ಬದುಕಿದ್ದರೆ ಹೇಗೋ ಹಾಗೇ ಬಾಬತ್ತು ಬಾಬತ್ತಾಗಿ ಲೆಕ್ಕ ಹಾಕಿತು. ಆಮೇಲೆ ಉಳಿದ ಮೂವರತ್ತ ತಿರುಗಿ, ಅವರು ಸ್ವತಃ ಏನು ಮಾಡಿದರು ಎಂದು ಕೇಳಿತು. ಒಂದೇ ದಿನ ಹತ್ತು ಸಂಸ್ಥೆಗಳು ಹುಟ್ಟಿಕೊಂಡಿದ್ದವು. ಅವುಗಳ ಖಾತೆಗಳಿಗೆ ಹಣ ಹರಿದು ಬಂದಿತ್ತು, ಆ ಹಣದಿಂದ ಜಮೀನು ಖರೀದಿಯಾಗಿತ್ತು. ಮೂವರೂ ಮೊದಲನೆಯ ಆರೋಪಿಯ ಜೊತೆ ಒಂದೇ ಸೂರಿನಡಿ ಇದ್ದರು. ಅವರಿಗೆ ಆಶ್ರಯ ಕೊಟ್ಟದ್ದು ಮಾನವೀಯತೆಯಿಂದ ಎಂಬ ಮಾತನ್ನು ಕೋರ್ಟು ಒಪ್ಪಲಿಲ್ಲ. ನಾಲ್ಕು ವರ್ಷ ಸಜೆ, ತಲಾ ಹತ್ತು ಕೋಟಿ ರೂಪಾಯಿ ದಂಡ ಎಂಬ ಹಳೆಯ ಶಿಕ್ಷೆ ಮರಳಿ ಬಂತು. ಮೂವರಲ್ಲಿ ಒಬ್ಬರಾದ ವಿ.ಕೆ. ಶಶಿಕಲಾ ಪರಪ್ಪನ ಅಗ್ರಹಾರದ ಸೆರೆಮನೆಗೆ ಹೋದರು. ಕೊಡನಾಡಿನ ದರೋಡೆ ನಡೆದಾಗ ಆ ತೀರ್ಪಿಗೆ ಹತ್ತು ವಾರವೂ ಆಗಿರಲಿಲ್ಲ. ಇಲ್ಲದವರ ಕೃತ್ಯವನ್ನು ಪೂರ್ತಿ ಸಾಬೀತು ಮಾಡಿ, ಇರುವವರ ಕೃತ್ಯವನ್ನು ಬೇರೆಯಾಗಿ ಸಾಬೀತು ಮಾಡಿ, ಎರಡನ್ನೂ ಕೂಡಿಸಿ ತೋರಿಸುವ ಕ್ರಮ ಹೇಗಿರಬೇಕು ಎಂಬುದಕ್ಕೆ ನಮ್ಮ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣದು.

ಹೀಗೆ ಸಾಬೀತು ಮಾಡದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಾಗಿಲ್ಲ. ನೀಲಗಿರಿಯ ತಪ್ಪಲಿನಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ ಹಬ್ಬಿದ ಕಾಡಿನಲ್ಲಿ ವೀರಪ್ಪನ್ ಆಳಿದ ಕಾಲದ ಎರಡು ಪ್ರಕರಣಗಳಿವೆ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಭಯೋತ್ಪಾದನೆ ತಡೆ ಕಾಯ್ದೆಯಾದ ಟಾಡಾದ ಅಡಿಯ ಮೈಸೂರಿನ ನ್ಯಾಯಾಲಯ 2001ರಲ್ಲಿ ತೀರ್ಪು ಕೊಟ್ಟಾಗ ವೀರಪ್ಪನ್ ಇನ್ನೂ ಕಾಡಿನಲ್ಲೇ ಇದ್ದ. ಜೀವಾವಧಿ ಶಿಕ್ಷೆ ಪಡೆದ ನಾಲ್ವರಿಗೆ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆತ ಕಾರಣಕ್ಕೆ 2014ರ ಜನವರಿ 21ರಂದು ಅದು ಮತ್ತೆ ಜೀವಾವಧಿಯಾಯಿತು. ಇನ್ನೊಂದು, ಕನ್ನಡಿಗರು ಮರೆಯಲಾಗದ್ದು. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕರೆದೊಯ್ದ. 108 ದಿನಗಳ ನಂತರ ನವೆಂಬರ್ 15ರಂದು ಬಿಡುಗಡೆಯಾಯಿತು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಪೊಲೀಸರ ಗುಂಡಿಗೆ ಸತ್ತ, 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡರು. ಗೋಬಿಚೆಟ್ಟಿಪಾಳ್ಯದ ನ್ಯಾಯಾಲಯದ ತೀರ್ಪು ಹೊರಬಿದ್ದದ್ದು 2018ರ ಸೆಪ್ಟೆಂಬರ್ 25ರಂದು: ಉಳಿದಿದ್ದ ಒಂಬತ್ತೂ ಆರೋಪಿಗಳ ಖುಲಾಸೆ. ಅವರಿಗೂ ವೀರಪ್ಪನ್‌ಗೂ ನಂಟಿತ್ತೆಂದು ತೋರಿಸಲು ಪ್ರಾಸಿಕ್ಯೂಷನ್‌ಗೆ ಆಗಲಿಲ್ಲ.

ಆ ಖುಲಾಸೆಯ ಸುದ್ದಿ ಬಂದ ದಿನ ಅನೇಕರಿಗೆ ಹೊಟ್ಟೆ ಉರಿದದ್ದು ಸಹಜ. ರಾಜ್‌ಕುಮಾರ್ ಅಪಹರಣವಾದದ್ದು ಲೋಕಕ್ಕೇ ಗೊತ್ತು, ಮಾಡಿದ್ದು ವೀರಪ್ಪನ್ ಎಂಬುದೂ ಲೋಕಕ್ಕೇ ಗೊತ್ತು. ಇನ್ನೇನು ಬೇಕಿತ್ತು? ಬೇಕಾಗಿದ್ದದ್ದು ಮೂರನೆಯ ಸಂಗತಿ. ಈ ಒಂಬತ್ತು ಮಂದಿ ಆ ರಾತ್ರಿ ಎಲ್ಲಿದ್ದರು, ಏನು ಹೊತ್ತು ತಂದರು, ಯಾರಿಗೆ ಏನು ಮುಟ್ಟಿಸಿದರು ಎಂಬುದು ಬೇಕಾಗಿತ್ತು. ಇಲ್ಲದವನ ಅಪರಾಧ ಎಷ್ಟೇ ಜಗಜ್ಜಾಹೀರಾಗಿದ್ದರೂ ಅದು ಇರುವವನ ಅಪರಾಧಕ್ಕೆ ಸಾಕ್ಷ್ಯವಲ್ಲ. ಹದಿನೆಂಟು ವರ್ಷದ ನಂತರ ಆ ಸಂಗತಿಯನ್ನು ಹುಡುಕಿದರೆ ಸಿಗುವುದಾದರೂ ಹೇಗೆ? ನಾವು ಸಿಟ್ಟಾಗಬೇಕಾದದ್ದು ಬಿಟ್ಟ ನ್ಯಾಯಾಧೀಶರ ಮೇಲಲ್ಲ, ಹದಿನೆಂಟು ವರ್ಷ ತಿಂದ ವ್ಯವಸ್ಥೆಯ ಮೇಲೆ. ಪಾಲಾರ್ ಪ್ರಕರಣದ ಬಗ್ಗೆಯೂ ನನಗೊಂದು ಅಳುಕಿದೆ. ಟಾಡಾ ಕಾಯ್ದೆಯಡಿ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತಿತ್ತು, ಸಾಮಾನ್ಯ ಕಾನೂನಿನಲ್ಲಿ ಆಗುವುದಿಲ್ಲ. ಮುಖ್ಯ ಅಪರಾಧಿ ಕೈಗೆ ಸಿಗದ ಹೊತ್ತಿನಲ್ಲಿ ಸಿಕ್ಕವರ ಮೇಲೆ ಸಡಿಲ ನಿಯಮದ ಸಾಕ್ಷ್ಯ ಹೂಡಿ, ಕೆಳಗಿನ ಕೋರ್ಟು ಕೊಟ್ಟ ಜೀವಾವಧಿಯನ್ನು ಗಲ್ಲಿಗೆ ಏರಿಸುವುದರಲ್ಲಿ ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸುವ ಅಪಾಯವಿದ್ದೇ ಇರುತ್ತದೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಇನ್ನೊಬ್ಬನ ಕೈ ಮಾಡಿದ್ದಕ್ಕೆ ನನ್ನನ್ನು ಶಿಕ್ಷಿಸುವುದೇ ಅನ್ಯಾಯ. ಆ ಇನ್ನೊಬ್ಬ ಕೋರ್ಟಿಗೆ ಬಂದು ‘ಇವನಿಗೂ ನನಗೂ ಸಂಬಂಧವಿಲ್ಲ’ ಎನ್ನಲು ಆಗದಿದ್ದಾಗ ಅದು ದುಪ್ಪಟ್ಟು ಅನ್ಯಾಯ ಎಂಬುದು ಆ ಆಕ್ಷೇಪ. ಮಾತಿನ ಮೊದಲ ಅರ್ಧವನ್ನು ನಾನು ಒಪ್ಪುವುದಿಲ್ಲ. ಕಾವಲುಗಾರನನ್ನು ಒಬ್ಬ ಹಿಡಿದುಕೊಂಡು ಇನ್ನೊಬ್ಬ ಇರಿದರೆ, ಹಿಡಿದ ಕೈ ಇರಿದ ಕೈಗಿಂತ ಕಡಿಮೆಯದಲ್ಲ. ಅದನ್ನು ಕಡಿಮೆ ಎಂದರೆ ಸತ್ತವನ ಪಾಲಿಗೆ ನ್ಯಾಯ ಅರ್ಧವಾಗುತ್ತದೆ. ಎರಡನೆಯ ಅರ್ಧದಲ್ಲಿ ತಥ್ಯವಿದೆ. ಇಲ್ಲದವನನ್ನು ಪಾಟೀಸವಾಲಿಗೆ ಒಡ್ಡಲಾಗದು. ಅದಕ್ಕೇ ಅವನ ಬಗೆಗಿನ ಸಾಕ್ಷ್ಯಕ್ಕೆ ಕಾನೂನು ಬೇಲಿ ಹಾಕಿದೆ. ಒಳಸಂಚಿನಲ್ಲಿ ಒಬ್ಬ ಆಡಿದ ಮಾತು, ಬರೆದ ಪತ್ರ ಇನ್ನೊಬ್ಬನ ವಿರುದ್ಧ ಸಾಕ್ಷ್ಯವಾಗಬಹುದು ಎಂದು 1872ರ ಸಾಕ್ಷ್ಯ ಕಾಯ್ದೆಯ 10ನೇ ಕಲಮು ಹೇಳುತ್ತಿತ್ತು. ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಅದು 8ನೆಯದು. ಆದರೆ ಸಂಚು ಇತ್ತು ಎಂದು ನಂಬಲು ಬೇರೆ ಸಕಾರಣವಿರಬೇಕು, ಆ ಮಾತು ಸಂಚು ಚಾಲ್ತಿಯಲ್ಲಿದ್ದಾಗಲೇ ಆಡಿದ್ದಾಗಿರಬೇಕು. ಸಂಚು ಮುಗಿದ ಮೇಲೆ ಒಬ್ಬ ಆಡಿದ ಮಾತು ಉಳಿದವರನ್ನು ಕಟ್ಟಿಹಾಕದು ಎಂದು 1940ರ ಮಿರ್ಜಾ ಅಕ್ಬರ್ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೇಳಿತು. ಸಾಯುವ ಮುನ್ನ ಮೊದಲನೆಯವನು ಹೀಗೆ ಹೇಳಿದ್ದ, ಹಾಗೆ ಹೇಳಿದ್ದ ಎಂದು ವರ್ಷಗಳ ನಂತರ ಬರುವ ಹೇಳಿಕೆಗಳನ್ನು ತೂಗಬೇಕಾದದ್ದು ಈ ತಕ್ಕಡಿಯಲ್ಲಿ. ಟಿವಿ ಸ್ಟುಡಿಯೊದ ತಕ್ಕಡಿ ಬೇರೆ.

ಎದುರು ದಿಕ್ಕಿನಿಂದ ಬರುವ ಆಕ್ಷೇಪವೂ ಬಲವಾದದ್ದೇ. ಇಷ್ಟು ಬಿಗಿ ಮಾಡಿದರೆ ಯಾರಿಗೂ ಶಿಕ್ಷೆಯಾಗದು, ಗುಂಪಿನ ಅಪರಾಧದಲ್ಲಿ ಯಾರ ಮನಸ್ಸಿನಲ್ಲಿ ಏನಿತ್ತೆಂದು ತೋರಿಸುವವರು ಯಾರು ಎನ್ನುತ್ತಾರೆ ಪೊಲೀಸ್ ಅಧಿಕಾರಿಗಳು. ಈ ಕಷ್ಟ ಕಾನೂನಿಗೆ ತಿಳಿಯದ್ದಲ್ಲ. ಐವರು ಅಥವಾ ಹೆಚ್ಚು ಮಂದಿ ದರೋಡೆಗೆ ಇಳಿದು ಅವರಲ್ಲಿ ಒಬ್ಬ ಕೊಲೆ ಮಾಡಿದರೆ, ಹಳೆಯ ದಂಡ ಸಂಹಿತೆಯ 396ನೇ ಕಲಮಿನಡಿ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿಯವರೆಗೆ ಶಿಕ್ಷೆಯಾಗಬಹುದು. ಅಲ್ಲಿ ಕೊಲ್ಲುವ ಉದ್ದೇಶ ಎಲ್ಲರಲ್ಲೂ ಇತ್ತೆಂದು ತೋರಿಸಬೇಕಾಗಿಯೂ ಇಲ್ಲ. ರಾತ್ರಿ ಆಯುಧ ಹಿಡಿದು ಇನ್ನೊಬ್ಬರ ಮನೆಗೆ ನುಗ್ಗುವವನಿಗೆ ಏನಾಗಬಹುದೆಂಬ ಅರಿವು ಇದ್ದೇ ಇರುತ್ತದೆ. ಆದ್ದರಿಂದ ಇದು ಕಠಿಣವಾದರೂ ಅನ್ಯಾಯದ ನಿಯಮವಲ್ಲ. ಆದರೆ ಇಲ್ಲೂ ಅವನು ದರೋಡೆಯಲ್ಲಿ ಇದ್ದ ಎಂಬುದನ್ನು ಅವನದೇ ನಡತೆಯಿಂದ ತೋರಿಸಬೇಕು. ಫೋನ್ ಕರೆಗಳ ದಾಖಲೆ, ಬಾಡಿಗೆ ವಾಹನದ ಲೆಕ್ಕ, ಚೆಕ್‌ಪೋಸ್ಟಿನ ಪುಸ್ತಕ, ಕದ್ದ ಮಾಲು ಸಿಕ್ಕ ಮಹಜರು ಬೇಕಾಗುವುದು ಅದಕ್ಕೇ. ಬಿಗಿ ನಿಯಮ ಕೇಳುವುದು ಪವಾಡವನ್ನಲ್ಲ, ಈ ಕಾಗದಗಳನ್ನು.

ಕಟಕಟೆಯಲ್ಲಿರುವವರಿಗೂ ಇಲ್ಲದವನು ಅನುಕೂಲದ ಹೆಸರು. ಎಲ್ಲ ಮಾಡಿದ್ದು ಸತ್ತವನೇ, ನಾವು ಅವನು ಕರೆದಲ್ಲಿಗೆ ಹೋದೆವು ಎನ್ನುವುದು ಸುಲಭ. ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸುವ ಈ ಆಟಕ್ಕೆ ಕೋರ್ಟು ಮಣಿಯಬಾರದು. ಮಣಿಯದಿರಬೇಕಾದರೆ ಇಲ್ಲದವನ ಪಾತ್ರವೇನು ಎಂಬುದು ಆರೋಪದಲ್ಲೇ ಸ್ಪಷ್ಟವಾಗಿ ಬರೆದಿರಬೇಕು. 1963ರ ಕೃಷ್ಣ ಗೋವಿಂದ ಪಾಟೀಲ್ ಪ್ರಕರಣ ಇದಕ್ಕೆ ಪಾಠ. ಹೆಸರಿಸಿದ ನಾಲ್ವರು ಸೇರಿ ಕೊಂದರು ಎಂಬುದು ಆರೋಪ. ಮೂವರನ್ನು ಬಿಟ್ಟ ಹೈಕೋರ್ಟು ನಾಲ್ಕನೆಯವನನ್ನು ‘ಸಮಾನ ಉದ್ದೇಶ’ದ ಮೇಲೆ ಶಿಕ್ಷಿಸಿತು. ಯಾರ ಜೊತೆ ಸಮಾನ? ಬಿಟ್ಟ ಮೂವರ ಜೊತೆ ಎನ್ನುವಂತಿಲ್ಲ, ಬೇರೆ ಯಾರೋ ಇದ್ದರೆಂದು ಆರೋಪವೂ ಇಲ್ಲ, ಸಾಕ್ಷ್ಯವೂ ಇಲ್ಲ. ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದು ಮಾಡಿತು. ಖುಲಾಸೆಯಾದವನು ಮತ್ತು ಕೋರ್ಟಿಗೇ ಬಾರದವನು ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ಖುಲಾಸೆಯಾದವನು ಇರಲಿಲ್ಲ ಎಂದು ತೀರ್ಮಾನವಾದಂತೆ. ಸತ್ತವನ, ಓಡಿಹೋದವನ ವಿಷಯದಲ್ಲಿ ಅಂಥ ತೀರ್ಮಾನವಿಲ್ಲ. ಅವನ ಬಗ್ಗೆ ಸಾಕ್ಷ್ಯ ಹೇಳಬಹುದು, ಕೋರ್ಟು ಅಭಿಪ್ರಾಯಕ್ಕೆ ಬರಬಹುದು. ಸತ್ತವನಿಗೆ ತನ್ನ ಮಾನ ಕಾಪಾಡಿಕೊಳ್ಳಲು ಆಗುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಆ ಅಭಿಪ್ರಾಯ ಕಟಕಟೆಯಲ್ಲಿರುವವರ ಮಟ್ಟಿಗೆ ಮಾತ್ರ, ಸತ್ತವನಿಗೆ ಅದು ಶಿಕ್ಷೆಯೂ ಅಲ್ಲ, ಅಪರಾಧಿ ಎಂಬ ಘೋಷಣೆಯೂ ಅಲ್ಲ. ಅಷ್ಟು ಮಾನಹಾನಿಗೆ ಹೆದರಿ ಕೋರ್ಟು ಬಾಯಿ ಕಟ್ಟಿಕೊಂಡರೆ ಪ್ರತಿ ಗುಂಪಿನಲ್ಲೂ ಒಬ್ಬನ ಸಾವು ಉಳಿದ ಎಲ್ಲರ ರಕ್ಷಾಕವಚವಾದೀತು.

ಆರೋಪಪಟ್ಟಿಯ ಹೊರಗೆ ಉಳಿಯುವ ಇನ್ನೊಬ್ಬನಿದ್ದಾನೆ, ಅವನ ಬಗ್ಗೆ ಹೆಚ್ಚು ಎಚ್ಚರ ಬೇಕು: ಮಾಫಿ ಸಾಕ್ಷಿ. ಅವನನ್ನು ಹೊರಗಿಟ್ಟಿರುವುದು ಸಾವಲ್ಲ, ಸರ್ಕಾರ. ಒಬ್ಬನೇ ಒಳಸಂಚು ಮಾಡಲಾರ, ಎರಡು ತಲೆ ಬೇಕು. ಇತರ ಆರೋಪಿಗಳೆಲ್ಲ ಖುಲಾಸೆಯಾದರೆ ಉಳಿದವನೊಬ್ಬನನ್ನು ಸಂಚಿಗೆ ಶಿಕ್ಷಿಸಬಹುದೆ ಎಂಬ ಪ್ರಶ್ನೆ 1956ರಲ್ಲಿ ಒರಿಸ್ಸಾದ ಸರ್ಕಾರಿ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಬಂತು. ಮಾಫಿ ಸಾಕ್ಷಿಯೇ ಆ ಎರಡನೆಯ ತಲೆ ಎಂದಿತು ಸುಪ್ರೀಂ ಕೋರ್ಟು. ತರ್ಕ ಸರಿ. ಆದರೆ ತನ್ನ ಕುತ್ತಿಗೆ ಉಳಿಸಿಕೊಳ್ಳಲು ಮಾತಾಡುವವನ ಮಾತಿಗೆ ಬೇರೆ ಕಡೆಯಿಂದ ಆಸರೆ ಬೇಕು ಎಂಬ ಎಚ್ಚರವನ್ನು ಕೋರ್ಟುಗಳು ದಶಕಗಳಿಂದ ಪಾಲಿಸಿಕೊಂಡು ಬಂದಿವೆ. ಹಳೆಯ ಸಾಕ್ಷ್ಯ ಕಾಯ್ದೆಯ 133ನೇ ಕಲಮು ಆಸರೆ ಇಲ್ಲದಿದ್ದರೂ ಶಿಕ್ಷೆ ಕಾನೂನುಬಾಹಿರವಲ್ಲ ಎನ್ನುತ್ತಿತ್ತು. ಅದರ ಜಾಗಕ್ಕೆ ಬಂದ ಹೊಸ ಅಧಿನಿಯಮದ 138ನೇ ಕಲಮು ಆಸರೆ ಇರುವ ಸಾಕ್ಷ್ಯದ ಮಾತನ್ನೇ ಆಡುತ್ತದೆ. ಹೊಸ ಕಾನೂನುಗಳ ಬಗ್ಗೆ ಏನೇ ದೂರಿದ್ದರೂ ಈ ಒಂದು ಬದಲಾವಣೆ ಒಳ್ಳೆಯದು.

ಇನ್ನು ತಲೆಮರೆಸಿಕೊಂಡವರು. 2021ರ ಜನವರಿಯಲ್ಲಿ ಮಸಿನಗುಡಿ ಬಳಿ ಒಂದು ಕಾಡಾನೆಯ ಮೇಲೆ ಉರಿಯುವ ವಸ್ತು ಎಸೆದ ವಿಡಿಯೊವನ್ನು ದೇಶವೆಲ್ಲ ನೋಡಿತು. ಕಿವಿಯ ಬಳಿ ಬೆಂಕಿ ಅಂಟಿಕೊಂಡ ಆನೆ ಕತ್ತಲಿನತ್ತ ಓಡುತ್ತದೆ. ಜನವರಿ 19ರಂದು ತೆಪ್ಪಕಾಡಿನ ಶಿಬಿರಕ್ಕೆ ಸಾಗಿಸುವಾಗ ದಾರಿಯಲ್ಲೇ ಅದು ಸತ್ತಿತ್ತು. ಇಬ್ಬರ ಬಂಧನವಾಯಿತು, ಮೂರನೆಯವನು ಸಿಕ್ಕಿಲ್ಲ ಎಂದರು ಅಧಿಕಾರಿಗಳು. ಎಸೆದ ಕೈ ಯಾವುದು, ಪಕ್ಕದಲ್ಲಿ ನಿಂತ ಕೈ ಯಾವುದು ಎಂಬ ವಾದ ಇಂಥ ಕಡೆಯಲ್ಲೂ ಏಳುತ್ತದೆ. ಸಿಕ್ಕದವನಿಗಾಗಿ ಕಾಯುತ್ತ ಕೂರಬೇಕಾಗಿಲ್ಲ. ಪರಾರಿಯಾದವನ ಬೆನ್ನ ಹಿಂದೆಯೇ ಸಾಕ್ಷ್ಯ ದಾಖಲಿಸಿಡಲು, ಮುಂದೆ ಸಾಕ್ಷಿ ಸತ್ತರೂ ಆ ಹೇಳಿಕೆಯನ್ನು ಬಳಸಲು ದಂಡ ಪ್ರಕ್ರಿಯಾ ಸಂಹಿತೆಯ 299ನೇ ಕಲಮು ಅವಕಾಶ ಕೊಟ್ಟಿತ್ತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 356ನೇ ಕಲಮು ಇನ್ನೂ ಮುಂದೆ ಹೋಗಿ, ಘೋಷಿತ ಅಪರಾಧಿಯ ಗೈರುಹಾಜರಿಯಲ್ಲೇ ವಿಚಾರಣೆ ಮುಗಿಸಿ ತೀರ್ಪು ಕೊಡಬಹುದು ಎನ್ನುತ್ತದೆ. ಸಾಧನ ಕೈಯಲ್ಲಿದೆ, ಬಳಸುವ ಮನಸ್ಸು ಬೇಕು.

ಇಷ್ಟೆಲ್ಲ ನಿಯಮಗಳ ಜೀವ ಒಂದೇ ವಸ್ತುವಿನಲ್ಲಿದೆ, ಅದು ಸಮಯ. ಇಲ್ಲದವನ ಕೃತ್ಯವನ್ನು ಕಂಡವರು ಬದುಕಿರಬೇಕು, ಕಂಡದ್ದು ನೆನಪಿರಬೇಕು, ಫೋನ್ ಕಂಪನಿಯ ದಾಖಲೆ ಅಳಿಸಿರಬಾರದು. ಕೊಡನಾಡಿನ ವಿಷಯದಲ್ಲಿ ಮೊದಲನೆಯ ಆರೋಪಿ ಸತ್ತದ್ದು ಘಟನೆ ನಡೆದ ನಾಲ್ಕೇ ದಿನಕ್ಕೆ. ಎಸ್ಟೇಟಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ನೌಕರ ಅದೇ ವರ್ಷ ಜುಲೈಯಲ್ಲಿ ಸತ್ತ. ಸಾಕ್ಷ್ಯನಾಶದ ಆರೋಪದ ಮೇಲೆ ಇನ್ನಿಬ್ಬರ ಬಂಧನವಾದದ್ದು 2021ರ ಅಕ್ಟೋಬರ್‌ನಲ್ಲಿ, ನಾಲ್ಕೂವರೆ ವರ್ಷದ ನಂತರ. ಹೆಚ್ಚಿನ ತನಿಖೆ ಬೇಡವೆಂಬ ಮನವಿಯನ್ನು ಸುಪ್ರೀಂ ಕೋರ್ಟು ಒಪ್ಪದೆ ಇದ್ದದ್ದು ಸರಿಯೇ. ಸತ್ಯ ತಡವಾಗಿಯಾದರೂ ಬರಲಿ. ಆದರೆ ಆ ತನಿಖೆ ರಾಜಕೀಯದ ಗಾಳಿ ಬದಲಾಗುವವರೆಗೆ ಕಾಯಬೇಕಾಗಿ ಬಂದದ್ದಕ್ಕೆ ಬೆಲೆ ತೆರುತ್ತಿರುವವರು ಮೂವರು: ಸತ್ತ ಕಾವಲುಗಾರನ ಮನೆಯವರು, ನಿಜವಾಗಿ ತಪ್ಪು ಮಾಡಿರದ ಆರೋಪಿ ಯಾರಾದರೂ ಆ ಸಾಲಿನಲ್ಲಿದ್ದರೆ ಅವನು, ಮತ್ತು ತೀರ್ಪು ಬರೆಯಬೇಕಾದ ನ್ಯಾಯಾಧೀಶರು.

ಬರೇಂದ್ರ ಘೋಷ್ ಪ್ರಕರಣದಲ್ಲಿ ಅಂಚೆ ಕಚೇರಿಯ ಗುಂಡು ಹಾರಿದ್ದು 1923ರ ಆಗಸ್ಟ್ 3ರಂದು. ಕಲ್ಕತ್ತೆಯಲ್ಲಿ ಜೂರಿಯ ವಿಚಾರಣೆ, ಹೈಕೋರ್ಟಿನ ಮರುಪರಿಶೀಲನೆ, ಕಡತ ಹಡಗಿನಲ್ಲಿ ಲಂಡನ್ನಿಗೆ ಪ್ರಯಾಣ, ಎಲ್ಲ ಮುಗಿದು ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟದ್ದು 1924ರ ಅಕ್ಟೋಬರ್ 23ರಂದು, ಹದಿನೈದು ತಿಂಗಳೊಳಗೆ. ಕೊಡನಾಡಿನ ಕಾವಲುಗಾರ ಸತ್ತದ್ದು 2017ರ ಏಪ್ರಿಲ್‌ನಲ್ಲಿ. ಆ ಪ್ರಕರಣದ ತನಿಖೆ ಜಿಲ್ಲಾ ಪೊಲೀಸರ ಕೈಯಿಂದ ರಾಜ್ಯ ಪೊಲೀಸರ ಅಪರಾಧ ತನಿಖಾ ವಿಭಾಗವಾದ ಸಿಬಿಸಿಐಡಿಯ ಕೈಗೆ ಹೋದದ್ದು 2022ರ ಸೆಪ್ಟೆಂಬರ್‌ನಲ್ಲಿ.